ನಾಲತವಾಡದ ಬಿಸಿಯೂಟದ ಒಲೆ

ಮುದ್ದೇಬಿಹಾಳದಲ್ಲಿ ನಾರಾಯಣಪುರದ ಕಡೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ನಾಲತವಾಡ ಸಿಗುತ್ತದೆ. ಹಿಂಗಾರಿನ ದಿನಗಳಲ್ಲಿ ಹೋದರೆ ರಸ್ತೆಯ ಬದಿಯ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿರುವುದನ್ನು ನೀವು ನೋಡಬಹುದು. ಊರಿನ ದಕ್ಷಿಣಕ್ಕೆ ಕೃಷ್ಣೆ ಹರಿಯುತ್ತಾಳೆ. ಇನ್ನೂ ಮುಂದೆ ಹೋದರೆ ನಾರಾಯಣಪುರದ ಬಸವಸಾಗರ ಅಣೆಕಟ್ಟು. ವೀರೇಶ್ವರ ಶರಣರ ಊರೆಂದು ಈ ಭಾಗದ ಜನರೆಲ್ಲ ಬಲ್ಲ ನಾಲತವಾಡ ನನಗೆ ಖಾಲಾ ಅವರ ಊರು. ರೊಟ್ಟಿ ಬಡಿಯುವ ಸದ್ದು ಕೇಳಿ ಬೆಳಗಾಗುವ ಊರು.

ಹೊಸ ಅಡುಗೆಯನ್ನು ಕಂಡುಹಿಡಿಯುವುದು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ದೊಡ್ಡ ಹೋಟೆಲು, ಬಿಳಿ ಟೊಪ್ಪಿಗೆಯ ಬಾಣಸಿಗ ಬರಬಹುದು. ಆದರೆ ನಮ್ಮ ಹಳ್ಳಿ-ಪಟ್ಟಣಗಳಲ್ಲಿ ದಿನವೂ ನೂರಾರು ಜನರಿಗೆ ಲೆಕ್ಕವಿಟ್ಟು ಬೇಯಿಸುವ ಅಡುಗೆಮನೆ ಯಾವುದು ಹೇಳಿ? ಶಾಲೆಯ ಬಿಸಿಯೂಟದ ಕೋಣೆಯಲ್ಲವೇ? ಖಾಲಾ ಅವರ ನೆರೆಮನೆಯ ಹೆಂಗಸು ಅಂಥದ್ದೊಂದು ಕೋಣೆಯಲ್ಲಿ ಅಡುಗೆ ಮಾಡುತ್ತಾರೆ. ಈ ಸಲ ಹೋದಾಗ ಅವರ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು: ಜೋಳವನ್ನು ಮಕ್ಕಳ ತಟ್ಟೆಗೆ ತರುವುದು ಹೇಗೆ?

ಇದರ ಹಿಂದಿನ ಕಥೆ ನಿಮಗೆ ಗೊತ್ತಿರಲಿ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಆರಂಭವಾದದ್ದು ಏಳು ಉತ್ತರದ ಜಿಲ್ಲೆಗಳಲ್ಲಿ. ಆಗಿನ ಬಿಜಾಪುರ, ಈಗಿನ ವಿಜಯಪುರ ಅವುಗಳಲ್ಲಿ ಒಂದು. ಹಸಿದು ಬರುವ ಮಕ್ಕಳಿಗೆ ಅನ್ನ ಸಿಕ್ಕಿತು, ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ತಾಯಂದಿರಿಗೆ ಇನ್ನೊಂದು ಕಾರಣ ಸಿಕ್ಕಿತು. ಅದನ್ನು ಯಾರೂ ಮರೆಯಬಾರದು. ಆದರೆ ಜೋಳದ ನಾಡಿನ ಶಾಲೆಯ ಒಲೆಯ ಮೇಲೆ ಅಂದಿನಿಂದ ಕುದಿಯುತ್ತಿರುವುದು ಮುಖ್ಯವಾಗಿ ಅಕ್ಕಿ.

ರೊಟ್ಟಿಯನ್ನೇಕೆ ಮಾಡಬಾರದು ಎಂದು ನಾನೂ ಕೇಳಿದೆ. ಆ ತಾಯಿ ನಕ್ಕುಬಿಟ್ಟರು. "ಲೆಕ್ಕಾ ಹಾಕ್ರಿ ಅಕ್ಕಾರ" ಎಂದರು. ಇನ್ನೂರು ಮಕ್ಕಳಿಗೆ ತಲಾ ಎರಡೆಂದರೆ ನಾನೂರು ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯಂತೆ ಜಿಗುಟಿಲ್ಲ. ಕುದಿಯುವ ನೀರಿನಲ್ಲಿ ಕಲಸಿ, ನಾದಿ, ಒಂದೊಂದನ್ನೂ ಕೈಯಿಂದಲೇ ಬಡಿಯಬೇಕು. ಬಡಿದು ಬೇಯಿಸಲು ಒಂದಕ್ಕೆ ಎರಡೇ ನಿಮಿಷವೆಂದರೂ ಒಬ್ಬರ ಕೈಗೆ ಹದಿಮೂರು ತಾಸು! ಅದೇ ಅಕ್ಕಿಯಾದರೆ ಕಿರಿಯ ತರಗತಿಗಳಲ್ಲಿ ಮಗುವಿಗೆ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5 ಗ್ರಾಂ. ಇಪ್ಪತ್ತು ಕಿಲೋ ಅಕ್ಕಿ, ನಾಲ್ಕು ಕಿಲೋ ಬೇಳೆ ಒಲೆಗೇರಿಸಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಹಾಗಾಗಿ ರೊಟ್ಟಿಯ ಆಸೆ ಬಿಟ್ಟು ಅವರು ನುಚ್ಚಿಗೆ ಕೈ ಹಾಕಿದ್ದರು. ಜೋಳದ ನುಚ್ಚು, ಹೆಸರುಬೇಳೆ, ಮೆಂತ್ಯಸೊಪ್ಪು ಸೇರಿಸಿದ ಕಿಚಡಿ.

ಮನೆಯಲ್ಲಿ ಒಂದು ಅಳತೆ ನುಚ್ಚಿಗೆ ನಾಲ್ಕು ಅಳತೆ ನೀರು ಹಾಕಿದಾಗ ಹದವಾಗಿಯೇ ಬಂತಂತೆ. ಮೊಹಲ್ಲಾದ ಒಂದು ಸಮಾರಂಭಕ್ಕೆ ಅದನ್ನೇ ಐವತ್ತು ಜನರ ಪಾತ್ರೆಯಲ್ಲಿ ಮಾಡಿದಾಗ ಕೆಟ್ಟಿತು. ಮೊದಲು ತೆಳ್ಳಗೆ ನೀರಾಯಿತು, ತಳ ಹತ್ತಿತು, ಬಡಿಸುವ ಹೊತ್ತಿಗೆ ಗಟ್ಟಿ ಮುದ್ದೆಯಾಗಿ ಸೌಟೇ ಏಳಲಿಲ್ಲ. "ಹುಡ್ರು ಮುಟ್ಟಿ ಬಿಟ್ರು ನೋಡ್ರಿ, ಎರಡ ತುತ್ತ ತಿಂದ್ರ ಹೆಚ್ಚು" ಎನ್ನುವಾಗ ಅವರ ಮುಖ ಸಣ್ಣದಾಗಿತ್ತು.

ಮನೆಯ ಅಳತೆಯನ್ನು ಹತ್ತರಿಂದ ಗುಣಿಸಿದರೆ ಹತ್ತು ಪಟ್ಟು ಅಡುಗೆಯಾಗುವುದಿಲ್ಲ ಎಂಬುದು ಮದುವೆಮನೆಯ ಬಾವರ್ಚಿಗಳಿಗೆಲ್ಲ ಗೊತ್ತು. ದೊಡ್ಡ ಹಂಡೆಯಲ್ಲಿ ಅಡುಗೆಯ ಪ್ರಮಾಣಕ್ಕೆ ಹೋಲಿಸಿದರೆ ಆವಿಯಾಗಿ ಹೋಗುವ ನೀರು ಕಡಿಮೆ. ಗಟ್ಟಿ ಅಂಬಲಿಯಂಥ ಅಡುಗೆಯಲ್ಲಿ ಕಾವು ಬೇಗ ಮೇಲೇರುವುದಿಲ್ಲ, ತಳ ಸೀಯುತ್ತದೆ. ಒಲೆ ಆರಿಸಿದ ಮೇಲೂ ಹಂಡೆಯೊಳಗೆ ಬೇಯುವುದು ನಿಲ್ಲುವುದಿಲ್ಲ. ಉಪ್ಪು-ಖಾರವನ್ನೂ ಒಮ್ಮೆಗೇ ಸುರಿಯದೆ ರುಚಿ ನೋಡುತ್ತಾ ಏರಿಸಬೇಕು. ಜೋಳಕ್ಕಂತೂ ತಣಿದಂತೆ ಬಿಗಿಯುವ ಗುಣ ಬೇರೆ.

ಖಾಲಾ ಎಲ್ಲವನ್ನೂ ಕೇಳುತ್ತಾ ಹೆಸರುಕಾಳು ಆರಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಅಲ್ಲವಾ, ನುಚ್ಚು ರಾತ್ರಿ ನೆನಿ ಹಾಕಿದ್ಯೇನು?"

ಹಾಕಿರಲಿಲ್ಲ. ನಮ್ಮ ಮನೆಗಳಲ್ಲಿ ಖಿಚಡಾ ಮಾಡುವಾಗ ಗೋಧಿಯನ್ನು ಹಿಂದಿನ ರಾತ್ರಿಯೇ ನೆನೆಸುತ್ತೇವಲ್ಲ, ಬೇಳೆಯನ್ನು ಬೇರೆ ಬೇಯಿಸಿ ಆಮೇಲೆ ಕೂಡಿಸುತ್ತೇವಲ್ಲ? ಖಾಲಾ ಆ ಕ್ರಮವನ್ನೇ ಹೇಳಿಕೊಟ್ಟರು. ನೆನೆದ ನುಚ್ಚು ಒಳಗಿನವರೆಗೆ ಬೇಯುತ್ತದೆ. ಬೇಳೆಯನ್ನು ಹೆಚ್ಚಿಸಿ, ನುಚ್ಚನ್ನು ತುಸು ತಗ್ಗಿಸಿ, ಒಂದು ಪಾತ್ರೆ ಬಿಸಿನೀರನ್ನು ಪಕ್ಕದಲ್ಲಿಟ್ಟುಕೊಂಡು ಬಡಿಸುವ ಮುಂಚೆ ಸಡಿಲ ಮಾಡಬೇಕು. ಮೇಲೆ ಶೇಂಗಾ ಹಿಂಡಿ.

ಆದರೆ ಅಡುಗೆಯವರಿಗೆ ರುಚಿಸಿದ ಮಾತ್ರಕ್ಕೆ ಶಾಲೆಯ ಊಟದ ಪಟ್ಟಿ ಬದಲಾಗುವುದಿಲ್ಲ. ಧಾನ್ಯ ಮೇಲಿನಿಂದ ಬರಬೇಕು, ಲೆಕ್ಕ ಕೂಡಬೇಕು. ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು, ಅವರಲ್ಲಿ ಒಬ್ಬ ಶಿಕ್ಷಕರಾದರೂ ಇರುವಂತೆ, ಉಂಡು ನೋಡಬೇಕೆಂಬ ನಿಯಮವೂ ಇದೆ. 2013ರ ಜುಲೈನಲ್ಲಿ ಬಿಹಾರದ ಶಾಲೆಯೊಂದರಲ್ಲಿ ವಿಷ ಬೆರೆತ ಊಟದಿಂದ 23 ಮಕ್ಕಳು ಪ್ರಾಣ ಬಿಟ್ಟದ್ದನ್ನು ನೆನೆದರೆ ಈ ನಿಯಮ ಹೆಚ್ಚೆನಿಸುವುದಿಲ್ಲ.

ಪಟ್ಟಿ ಬದಲಾಗುವುದೇ ಇಲ್ಲವೆಂದೂ ಅಲ್ಲ. 2021ರ ಡಿಸೆಂಬರ್‌ನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಬಂತು, ಬೇಡವೆಂದವರಿಗೆ ಬಾಳೆಹಣ್ಣು. ಎಷ್ಟೊಂದು ವಾದ ನಡೆಯಿತು ಆಗ! ಮಕ್ಕಳು ಮಾತ್ರ ಸುಲಿದು ತಿಂದರು. ಅದು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿ, 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನವಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. ರಾಗಿ ಒಳ್ಳೆಯದೇ, ದೂರುವುದಿಲ್ಲ. ಆದರೆ ಮೈಸೂರು ಸೀಮೆಯ ಧಾನ್ಯ ನಾಲತವಾಡದ ಶಾಲೆಗೆ ದಾರಿ ಕಂಡುಕೊಂಡಿರುವಾಗ ಶಾಲೆಯ ಗೋಡೆಯಾಚೆ ಬೆಳೆಯುವ ಜೋಳಕ್ಕೇಕೆ ದಾರಿಯಿಲ್ಲ ಎಂಬ ಆ ತಾಯಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ರವಿವಾರ. ಖಾಲಾ ಅವರ ಅಂಗಳದಲ್ಲಿ ಮೂರು ಕಲ್ಲು ಹೂಡಿ ಎರಡು ಕಿಲೋ ನುಚ್ಚಿನ ಕಿಚಡಿ ಮಾಡಿದರು. ಓಣಿಯ ಮಕ್ಕಳೆಲ್ಲ ತಟ್ಟೆ ಹಿಡಿದು ಬಂದರು. ಒಬ್ಬ ಹುಡುಗ ಮೆಂತ್ಯದ ಎಲೆ ಆರಿಸಿ ಬದಿಗಿಟ್ಟ, ಉಳಿದವರು ಹಿಂಡಿ ಇನ್ನಷ್ಟು ಕೇಳಿದರು. ಒಂದು ತಾಸಿನ ಮೇಲೆ ನಾವು ಮತ್ತೆ ಸೌಟು ಆಡಿಸಿದೆವು. ಬಿಗಿದಿತ್ತು, ಆದರೆ ಮುದ್ದೆಯಾಗಿರಲಿಲ್ಲ.

"ಗಿರಣ್ಯಾಗ ಇನ್ನಾ ಸಣ್ಣ ಒಡಸಬೇಕ್ರಿ" ಎಂದು ಅವರು ಪಾತ್ರೆಯ ತಳವನ್ನು ಕೆರೆದು ನೋಡಿದರು. ಅಲ್ಲಿ ಸ್ವಲ್ಪ ಹತ್ತಿತ್ತು.