ಸಂಜೆ ಏಳು ಗಂಟೆಯ ವಾಟರ್‌ಲೂ

ದೊಡ್ಡವರು ಗೊಂಬೆಗಳೊಡನೆ ಕಾಲ ಕಳೆಯುವುದನ್ನು ಕಂಡರೆ ನಗುವವರೇ ಹೆಚ್ಚು. ನಲವತ್ತು ದಾಟಿದ ಗೃಹಸ್ಥನೊಬ್ಬ ಭಾನುವಾರದ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, ಬೆರಳುದ್ದದ ಸಿಪಾಯಿಯೊಬ್ಬನ ಅಂಗಿಗೆ ಸಣ್ಣ ಕುಂಚದಿಂದ ಗುಂಡಿಗಳನ್ನು ಬರೆಯುತ್ತ ಕುಳಿತಿರುವನೆಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುವುದು ಸಹಜವೇ. ಮಕ್ಕಳು ಮುಟ್ಟಿದರೆ ಗದರಿಸುತ್ತಾನೆ. ತಾನು ಮಾತ್ರ ಊಟದ ಹೊತ್ತು ಮೀರಿದರೂ ಏಳುವುದಿಲ್ಲ. ಆ ಗುಂಡಿಗಳು ಆರಾಗಿರಬೇಕೆ ಎಂಟಾಗಿರಬೇಕೆ ಎಂಬ ಸಂದೇಹ ಅವನನ್ನು ನಿನ್ನೆಯಿಂದ ಕಾಡುತ್ತಿರುತ್ತದೆ. ಆರು ಬರೆದರೆ ನೋಡುವವರಾರೂ ತಪ್ಪು ಹಿಡಿಯಲಾರರು. ಆದರೂ ಅವನಿಗೆ ಸಮಾಧಾನವಿಲ್ಲ.

ಈ ಹವ್ಯಾಸಕ್ಕೆ ಯೂರೋಪು, ಅಮೆರಿಕ, ಜಪಾನುಗಳಲ್ಲಿ ದೊಡ್ಡ ಬಳಗವೇ ಇದೆ. ಯುದ್ಧದ ಒಂದು ನೋಟವನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ, ಮಣ್ಣು, ಮರ, ಮುರಿದ ಗೋಡೆ, ಸೈನಿಕರು, ಗಾಡಿಗಳು ಎಲ್ಲವನ್ನೂ ಒಂದು ಹಲಗೆಯ ಮೇಲೆ ನೆಲೆಗೊಳಿಸುವುದಕ್ಕೆ ಅವರು ‘ಡಯೊರಾಮ’ ಎನ್ನುತ್ತಾರೆ. ಇಂದು ಇದಕ್ಕೆ ಬೇಕಾದ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಸಿದ್ಧವಾಗಿ ದೊರೆಯುತ್ತವೆ. ಅಂಟಿಸಿ ಬಣ್ಣ ಹಚ್ಚಿದರಾಯಿತು. ಹಾಗೆ ಏನೂ ದೊರೆಯದಿದ್ದ ಕಾಲದಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕ ಸೈನಿಕರನ್ನು ಒಂದು ಬಯಲಿನಲ್ಲಿ ನಿಲ್ಲಿಸಿ, ಆ ಗೊಂಬೆಗಳ ದೆಸೆಯಿಂದ ತನ್ನ ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಂಡವನೊಬ್ಬನಿದ್ದ. ಆತನ ಹೆಸರು ವಿಲಿಯಂ ಸೈಬೋರ್ನ್.

ಸೈಬೋರ್ನ್ ಆಂಗ್ಲ ಸೇನೆಯ ಅಧಿಕಾರಿ. ೧೭೯೭ರಲ್ಲಿ ಹುಟ್ಟಿದವನು. ೧೮೧೫ರ ಜೂನ್ ೧೮ರಂದು ವಾಟರ್‌ಲೂ ಬಯಲಿನಲ್ಲಿ ನೆಪೋಲಿಯನ್ನನ ಭವಿಷ್ಯ ನಿರ್ಧಾರವಾದಾಗ ಅವನು ಅಲ್ಲಿರಲಿಲ್ಲ. ಯುದ್ಧವೆಲ್ಲ ಮುಗಿದ ಮೇಲೆ ಫ್ರಾನ್ಸಿನಲ್ಲಿ ಬೀಡುಬಿಟ್ಟ ಸೈನ್ಯವನ್ನು ಸೇರಿಕೊಂಡ. ಕತ್ತಿಗಿಂತ ಅಳತೆಯ ಸರಪಳಿಯೇ ಅವನ ಕೈಗೆ ಹೆಚ್ಚು ಒಗ್ಗಿತು. ನೆಲದ ಏರುತಗ್ಗುಗಳನ್ನು ಮೋಜಣಿ ಮಾಡಿ ಕಾಗದದ ಮೇಲಿಳಿಸುವ ವಿದ್ಯೆಯಲ್ಲಿ ನಿಪುಣನೆನಿಸಿ, ಆ ವಿಷಯವಾಗಿ ಪುಸ್ತಕಗಳನ್ನೂ ಬರೆದ. ಆದ್ದರಿಂದಲೇ ೧೮೩೦ರಲ್ಲಿ ದಂಡನಾಯಕ ಲಾರ್ಡ್ ಹಿಲ್ ವಾಟರ್‌ಲೂ ಯುದ್ಧದ ಮಾದರಿಯೊಂದನ್ನು ಮಾಡಿಕೊಡಬೇಕೆಂದು ಅವನಿಗೆ ಅಪ್ಪಣೆ ಕೊಡಿಸಿದ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕಾರು ಪಟಗಳನ್ನು ತರಿಸಿ ನೋಡಿ ಕೆಲಸ ಮುಗಿಸುತ್ತಿದ್ದರು. ಸೈಬೋರ್ನ್ ಬೆಲ್ಜಿಯಮ್ಮಿಗೆ ಹೋಗಿ, ಯುದ್ಧಭೂಮಿಯ ನಟ್ಟನಡುವೆ ಇದ್ದ ಲಾ ಏ ಸೇಂತ್ ಎಂಬ ಒಕ್ಕಲುಮನೆಯಲ್ಲಿಯೇ ಎಂಟು ತಿಂಗಳು ಬಿಡಾರ ಮಾಡಿದ. ಯುದ್ಧದ ದಿನ ಆ ಮನೆಗಾಗಿ ನೂರಾರು ಜನ ಪ್ರಾಣ ಬಿಟ್ಟಿದ್ದರು. ಈಗ ಅಲ್ಲಿ ಒಕ್ಕಲಿಗರ ಸಂಸಾರ, ಅಂಗಳದಲ್ಲಿ ದನಕರು. ಸೈಬೋರ್ನನೋ ಪ್ರತಿಯೊಂದು ಬೇಲಿಯನ್ನೂ ದಿಣ್ಣೆಯನ್ನೂ ಗಾಡಿಜಾಡನ್ನೂ ಅಳೆದು ಬರೆದುಕೊಳ್ಳುತ್ತಿದ್ದ. ಅಷ್ಟರಲ್ಲಾಗಲೇ ನೆಲ ತನ್ನ ಹಳೆಯ ರೂಪವನ್ನು ಉಳಿಸಿಕೊಂಡಿರಲಿಲ್ಲ. ತನ್ನ ಮಗ ಆ ರಣದಲ್ಲಿ ಗಾಯಗೊಂಡುದರ ನೆನಪಿಗೆಂದು ನೆದರ್ಲೆಂಡ್ಸಿನ ದೊರೆ ೧೮೨೬ರ ಹೊತ್ತಿಗೆ ಅಲ್ಲೊಂದು ಭಾರಿ ಮಣ್ಣಿನ ಗುಡ್ಡ ಕಟ್ಟಿಸಿ ಅದರ ಮೇಲೆ ಸಿಂಹವನ್ನು ನಿಲ್ಲಿಸಿದ್ದ. ಆ ಗುಡ್ಡಕ್ಕೆ ಬೇಕಾದ ಮಣ್ಣನ್ನು ತೆಗೆದದ್ದು ಆಂಗ್ಲ ಸೈನ್ಯ ನಿಂತಿದ್ದ ದಿಣ್ಣೆಯಿಂದಲೇ! ಯುದ್ಧದ ನೆನಪಿಗಾಗಿ ಯುದ್ಧಭೂಮಿಯನ್ನೇ ಕೆರೆದುಹಾಕುವ ಭಕ್ತಿ ವಿಚಿತ್ರವಾದುದೇ ಸರಿ.

ನೆಲದ ಕೆಲಸ ಮುಗಿದ ಮೇಲೆ ಜನರ ಕೆಲಸ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇತಿಹಾಸಕಾರನಿಗೆ ಇರುವ ಅನುಕೂಲ ಮಾದರಿ ಮಾಡುವವನಿಗಿಲ್ಲ. ‘ಸಂಜೆಯ ವೇಳೆಗೆ ಮಿತ್ರಸೈನ್ಯವೂ ಬಂದು ಕೂಡಿಕೊಂಡಿತು’ ಎಂದು ಇತಿಹಾಸಕಾರ ಒಂದು ವಾಕ್ಯ ಬರೆದು ಮುಂದೆ ಹೋಗಬಹುದು. ಸಂಜೆಯೆಂದರೆ ಎಷ್ಟು ಗಂಟೆ? ಬಂದದ್ದೆಂದರೆ ಎಲ್ಲಿಯವರೆಗೆ? ಎಷ್ಟು ಜನ? ಯಾರೂ ಕೇಳುವುದಿಲ್ಲ. ಗೊಂಬೆಯನ್ನು ಕೈಯಲ್ಲಿ ಹಿಡಿದವನು ಮಾತ್ರ ಅದನ್ನು ಎಲ್ಲಾದರೂ ಒಂದು ಕಡೆ ನಿಲ್ಲಿಸಲೇಬೇಕು. ಅದರ ಮುಖ ಒಂದು ದಿಕ್ಕಿಗೆ ತಿರುಗಿರಲೇಬೇಕು. ಆ ಮುಖವನ್ನು ಎತ್ತ ತಿರುಗಿಸುವುದೆಂಬುದಕ್ಕೆ ಅವನ ಬಳಿ ಉತ್ತರವಿರಬೇಕು.

ಸೈಬೋರ್ನ್ ಉತ್ತರವನ್ನು ಹುಡುಕಿದ ಬಗೆ ಅಂದಿಗೆ ಹೊಸದು. ಯುದ್ಧದಲ್ಲಿ ಬದುಕಿ ಉಳಿದಿದ್ದ ಅಧಿಕಾರಿಗಳಿಗೆಲ್ಲ ಅವನು ಸುತ್ತೋಲೆ ಕಳುಹಿಸಿದ. ಸಂಜೆ ಸುಮಾರು ಏಳು ಗಂಟೆಗೆ, ನೆಪೋಲಿಯನ್ನನ ಖಾಸಾ ಪಡೆ ಕೊನೆಯ ಬಾರಿಗೆ ಏರಿಬಂದಾಗ, ನಿಮ್ಮ ತುಕಡಿ ಎಲ್ಲಿತ್ತು? ಯಾವ ವ್ಯೂಹದಲ್ಲಿತ್ತು? ಎದುರಿಗಿದ್ದ ಶತ್ರು ಹೇಗೆ ನಿಂತಿದ್ದ? ನಿಮ್ಮ ಸುತ್ತಲಿನ ಹೊಲದಲ್ಲಿ ಯಾವ ಪೈರಿತ್ತು? ಈ ಕೊನೆಯ ಪ್ರಶ್ನೆಯನ್ನೋದಿ ಎಷ್ಟು ಜನ ಮುದಿ ಸೇನಾನಿಗಳು ನಕ್ಕರೋ! ಆದರೆ ಪೈರಿಲ್ಲದೆ ಹೊಲವಿಲ್ಲ. ಆ ದಿನ ರೈ ಎಂಬ ಧಾನ್ಯದ ಪೈರು ಕೆಲವೆಡೆ ಆಳೆತ್ತರಕ್ಕೆ ಬೆಳೆದು ಎದುರಾಳಿಯನ್ನು ಮರೆಮಾಡಿತ್ತು. ಸುಮಾರು ಏಳುನೂರು ಪತ್ರಗಳು ಬಂದವು. ಇಪ್ಪತ್ತು ವರ್ಷಗಳ ಹಿಂದಿನ ಹೊಗೆಯೊಳಗಿನ ನೆನಪುಗಳು, ಒಬ್ಬರದು ಇನ್ನೊಬ್ಬರದರೊಡನೆ ಹೊಂದಿಕೊಳ್ಳುವುದು ಅಪರೂಪ. ತನ್ನ ಪಲ್ಟಣ ಹಿಂದೆ ಇತ್ತೆಂದು ಹೇಳಿಕೊಳ್ಳುವ ಆಸೆ ಯಾರಿಗೆ ತಾನೇ ಇದ್ದೀತು?

ಮಾದರಿ ಸಿದ್ಧವಾಗಲು ಎಂಟು ವರ್ಷ ಹಿಡಿಯಿತು. ಮೈಲಿಗೆ ಒಂಬತ್ತು ಅಡಿಯ ಪ್ರಮಾಣ. ಒಟ್ಟು ಸುಮಾರು ನಾನೂರು ಚದರಡಿ. ತವರ ಸೀಸಗಳನ್ನು ಬೆರೆಸಿ ಎರೆದ ಗೊಂಬೆಗಳು. ಒಂದು ಗೊಂಬೆಗೆ ಇಬ್ಬರು ಸೈನಿಕರೆಂದು ಲೆಕ್ಕ. ನೆಲದ ಪ್ರಮಾಣವನ್ನೇ ಹಿಡಿದಿದ್ದರೆ ಮನುಷ್ಯನ ಎತ್ತರ ಮೂರು ಮಿಲಿಮೀಟರಾಗಿ ಸಾಸಿವೆಯ ಸಾಲಿನಂತೆ ಕಾಣುತ್ತಿತ್ತು. ಆದುದರಿಂದ ಗೊಂಬೆಗಳನ್ನು ಅದಕ್ಕಿಂತ ದೊಡ್ಡದಾಗಿ ಮಾಡಿಸಬೇಕಾಯಿತು. ಸತ್ಯಕ್ಕೆ ಅಷ್ಟು ಕಟ್ಟುಬಿದ್ದವನೂ ಕಣ್ಣಿಗಾಗಿ ಒಂದಿಷ್ಟು ಸುಳ್ಳು ಹೇಳಲೇಬೇಕಾಯಿತೆನ್ನೋಣ.

ಇಷ್ಟರ ನಡುವೆ, ೧೮೩೩ರಲ್ಲಿ, ಸರಕಾರ ಹಣ ಕೊಡುವುದನ್ನು ನಿಲ್ಲಿಸಿಬಿಟ್ಟಿತು. ಮಂತ್ರಿಮಂಡಲ ಬದಲಾಗಿತ್ತು, ಹಿಂದಿನವರ ಅಪ್ಪಣೆಯ ಗೊಂಬೆಗಳು ಹೊಸಬರಿಗೆ ಬೇಕಾಗಿರಲಿಲ್ಲ. ಸೈಬೋರ್ನ್ ಅಲ್ಲಿಗೇ ಕೈಬಿಡಬಹುದಿತ್ತು. ಬಿಡಲಿಲ್ಲ. ಡಬ್ಲಿನ್ ನಗರದಲ್ಲಿ ತನ್ನ ಕಚೇರಿಯ ಕೆಲಸದ ಜೊತೆಗೆ, ಸಾಲ ಮಾಡಿ ಮುಂದುವರಿಸಿದ. ಒಟ್ಟು ವೆಚ್ಚ ಸುಮಾರು ಮೂರು ಸಾವಿರ ಪೌಂಡು. ಹೆಂಡತಿ ಮಕ್ಕಳಿದ್ದ ನೌಕರನಿಗೆ ಅದು ಸಣ್ಣ ಮೊತ್ತವಲ್ಲ.

ಆದರೆ ಹಣಕ್ಕಿಂತ ದೊಡ್ಡ ತೊಡಕು ಬೇರೊಂದಿತ್ತು. ಏಳು ಗಂಟೆಗೆ ಪ್ರಷ್ಯನ್ನರು ಎಲ್ಲಿದ್ದರು? ವಾಟರ್‌ಲೂವಿನಲ್ಲಿ ಗೆದ್ದದ್ದು ಆಂಗ್ಲರೊಬ್ಬರೇ ಅಲ್ಲ. ಬ್ಲೂಖರ್ ಎಂಬ ವೃದ್ಧ ಸೇನಾನಿಯ ಪ್ರಷ್ಯನ್ ಸೈನ್ಯ ಕೆಸರಿನ ದಾರಿ ತುಳಿದು ಬಂದು, ಸಂಜೆ ನಾಲ್ಕೂವರೆಯ ಸುಮಾರಿಗೇ ನೆಪೋಲಿಯನ್ನನ ಬಲಮಗ್ಗುಲಿನ ಮೇಲೆ ಬಿದ್ದಿತ್ತು. ಸೈಬೋರ್ನ್ ಬರ್ಲಿನ್ನಿಗೆ ಬರೆದು ಅಲ್ಲಿಯ ಸೇನಾ ಕಚೇರಿಯಿಂದಲೂ ವಿವರ ತರಿಸಿಕೊಂಡಿದ್ದ. ಲೆಕ್ಕ ಹೇಳಿದಂತೆ ಅವರನ್ನು ಹಲಗೆಯ ಮೇಲೆ ನಿಲ್ಲಿಸಿದ. ನಿಲ್ಲಿಸಿದಾಗ ಯುದ್ಧದ ಚಿತ್ರವೇ ಬೇರೆಯಾಗಿ ತೋರಿತು.

ಇದು ವೆಲಿಂಗ್‌ಟನ್ ಡ್ಯೂಕನಿಗೆ ಹಿಡಿಸಲಿಲ್ಲ. ಈ ಡ್ಯೂಕ್ ಕನ್ನಡನಾಡಿಗೆ ಅಪರಿಚಿತನಲ್ಲ. ೧೭೯೯ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇವನೇ. ಕೋಟೆ ಬಿದ್ದ ಮೇಲೆ ಪಟ್ಟಣದ ಆಡಳಿತ ನಡೆಸಿದವನೂ ಇವನೇ. ಆ ಮುತ್ತಿಗೆಯ ಮೊದಲ ದಿನಗಳಲ್ಲಿ ಸುಲ್ತಾನಪೇಟೆಯ ತೋಪಿನ ಮೇಲೆ ರಾತ್ರಿ ನಡೆಸಿದ ದಾಳಿಯಲ್ಲಿ ಅವನ ತುಕಡಿ ಕತ್ತಲೆಯಲ್ಲಿ ದಾರಿ ತಪ್ಪಿ ಚೆದುರಿ ಸೋತಿತ್ತು. ಮರುದಿನ ಬೆಳಕಿನಲ್ಲಿ ತೋಪು ವಶವಾಯಿತು. ಯಾರು ಯಾವ ಗಳಿಗೆಯಲ್ಲಿ ಎಲ್ಲಿದ್ದರೆಂಬುದು ಒಬ್ಬ ಸೇನಾನಿಯ ಕೀರ್ತಿಯನ್ನು ಎಷ್ಟು ಬದಲಿಸಬಲ್ಲುದೆಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಹಾಗೆಂದು ಡ್ಯೂಕ್ ಕೃತಘ್ನನೆನ್ನುವಂತಿಲ್ಲ. ಯುದ್ಧದ ಮರುದಿನವೇ ಬರೆದ ವರದಿಯಲ್ಲಿ ಪ್ರಷ್ಯನ್ನರ ಸಕಾಲದ ನೆರವನ್ನು ಒಪ್ಪಿಕೊಂಡಿದ್ದ. ಆದರೆ ಕಾಗದದ ಮೇಲೆ ಒಪ್ಪಿಕೊಳ್ಳುವುದು ಬೇರೆ, ಷಿಲಿಂಗ್ ಕೊಟ್ಟು ಬಂದವರೆಲ್ಲ ಗೊಂಬೆಗಳನ್ನು ಎಣಿಸುವುದು ಬೇರೆ.

ಡ್ಯೂಕನ ಆಕ್ಷೇಪಣೆಯನ್ನು ಬರಿಯ ಹಟವೆಂದು ತಳ್ಳಿಹಾಕುವಂತೆಯೂ ಇಲ್ಲ. ಮಾದರಿಯೆಂಬುದು ಯುದ್ಧದ ಒಂದೇ ಗಳಿಗೆಯನ್ನು ತೋರಬಲ್ಲದು. ಇಲ್ಲಿಯಾದರೋ ಪ್ರತಿಯೊಬ್ಬ ಅಧಿಕಾರಿಯೂ ತನಗೆ ಪ್ರಿಯವಾದ ಗಳಿಗೆಯ ತನ್ನ ಸ್ಥಾನವನ್ನು ಹೇಳಿ ಬರೆಸಿದ್ದಾನೆ. ಎಲ್ಲ ಗಳಿಗೆಗಳೂ ಒಂದರ ಮೇಲೊಂದು ಕಲಸಿಹೋಗಿವೆ. ಇದು ಅವನ ವಾದ. ಏಳುನೂರು ಪತ್ರಗಳನ್ನು ನೆನೆದರೆ ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅದಕ್ಕೆ ಮದ್ದು ಪ್ರಷ್ಯನ್ನರನ್ನು ಮಾತ್ರ ತೆಗೆದುಹಾಕುವುದಲ್ಲವಷ್ಟೆ! ಡ್ಯೂಕ್ ಸ್ವತಃ ಮಾದರಿಯನ್ನು ನೋಡಲು ಹೋಗಲಿಲ್ಲ.

೧೮೩೮ರಲ್ಲಿ ಲಂಡನ್ನಿನ ಪಿಕಡಿಲಿಯ ಈಜಿಪ್ಷಿಯನ್ ಹಾಲಿನಲ್ಲಿ ಪ್ರದರ್ಶನ ನಡೆಯಿತು. ತಲೆಗೊಂದು ಷಿಲಿಂಗು; ಸುಮಾರು ಒಂದು ಲಕ್ಷ ಜನ ನೋಡಿದರು. ಆದರೂ ಸೈಬೋರ್ನನ ಸಾಲ ತೀರಲಿಲ್ಲ. ಅವನು ಇನ್ನೊಂದು ಮಾದರಿಯನ್ನೂ ಮಾಡಿದ, ಹೆಚ್ಚು ದೊಡ್ಡ ಪ್ರಮಾಣದಲ್ಲಿ, ಮಧ್ಯಾಹ್ನದ ಕುದುರೆ ಪಡೆಯ ದಾಳಿಯದು. ಅದು ಈಗ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಮೊದಲನೆಯದರ ಮೇಲಿನ ಒತ್ತಡ ಮಾತ್ರ ನಿಲ್ಲಲಿಲ್ಲ. ಕೊನೆಗೆ ಬೇಸತ್ತ ಸೈಬೋರ್ನ್ ನಲವತ್ತು ಸಾವಿರ ಪ್ರಷ್ಯನ್ನರಿಗೆ ಸಲ್ಲುವಷ್ಟು ಗೊಂಬೆಗಳನ್ನು ಬಯಲಿನಿಂದ ಕಿತ್ತು ತೆಗೆದ. ನೆಪೋಲಿಯನ್ನನಿಂದ ಆಗದ ಕೆಲಸವನ್ನು ಲಂಡನ್ನಿನ ದೊಡ್ಡವರು ಮಾಡಿಸಿದರು.

ಡ್ಯೂಕ್ ಕೇಳಿದ ಆ ಒಂದೇ ಗಳಿಗೆಯನ್ನು ಹಿಡಿಯಬಲ್ಲ ಯಂತ್ರ ಪ್ರದರ್ಶನದ ಮರುವರ್ಷವೇ ಲೋಕಕ್ಕೆ ಪ್ರಕಟವಾದದ್ದು ಒಂದು ಸೋಜಿಗ. ೧೮೩೯ರಲ್ಲಿ ಛಾಯಾಚಿತ್ರದ ಕಲೆಯನ್ನು ಪ್ರಕಟಿಸಿದ ಪ್ಯಾರಿಸ್ಸಿನ ಡಗೇರನೇ ‘ಡಯೊರಾಮ’ ಎಂಬ ಮಾತನ್ನು ಬಳಕೆಗೆ ತಂದವನೂ ಹೌದು. ೧೮೨೨ರಲ್ಲಿ ಅವನು ತೆರೆದ ಡಯೊರಾಮ ಗೊಂಬೆಗಳದಲ್ಲ. ದೊಡ್ಡ ಪರದೆಗಳ ಮೇಲೆ ಚಿತ್ರ ಬರೆದು, ಹಿಂದು ಮುಂದಿನಿಂದ ಬೆಳಕನ್ನು ಬದಲಿಸುತ್ತ ಹಗಲನ್ನು ಇರುಳಾಗಿಸಿ ತೋರುವ ರಂಗಮಂದಿರ. ಅದು ೧೮೩೯ರಲ್ಲಿಯೇ ಬೆಂಕಿಗೆ ಆಹುತಿಯಾಯಿತು. ಹೆಸರು ಗೊಂಬೆಗಳಿಗೆ ಉಳಿಯಿತು.

ಇಂದಿನ ಹವ್ಯಾಸಿಗೆ ಮಾದರಿ ಮಾಡಿ ಮುಗಿಸುವುದು ಅರ್ಧ ಕೆಲಸ ಮಾತ್ರ. ಛಾಯಾಚಿತ್ರ ತೆಗೆಯುವುದು ಇನ್ನರ್ಧ. ನಿಂತುಕೊಂಡು ಮೇಲಿನಿಂದ ತೆಗೆದರೆ ಅದು ಮೇಜು, ಅದರ ಮೇಲೆ ಗೊಂಬೆಗಳು, ಅಷ್ಟೆ. ಕ್ಯಾಮೆರಾವನ್ನು ಹಲಗೆಗೆ ತಾಗುವಂತೆ ಇಳಿಸಿ, ಮಸೂರವನ್ನು ಸಿಪಾಯಿಯ ಕಣ್ಣಿನ ಮಟ್ಟಕ್ಕೆ ತಂದಾಗ ಹಲಗೆ ಬಯಲಾಗುತ್ತದೆ, ಬೇಲಿ ಆಸರೆಯಾಗುತ್ತದೆ. ಒಂದೇ ದೀಪ ಸಾಕು, ಸೂರ್ಯನೂ ಒಬ್ಬನೇ ಆದ್ದರಿಂದ. ಇಷ್ಟು ಹತ್ತಿರದಿಂದ ತೆಗೆಯುವಾಗ ಬೆರಳಗಲದ ಜಾಗ ಮಾತ್ರ ಸ್ಫುಟವಾಗಿ, ಮಿಕ್ಕದ್ದು ಮಂಜಾಗುವ ತೊಂದರೆಯುಂಟು. ಅದಕ್ಕಾಗಿ ಮಸೂರದ ರಂಧ್ರವನ್ನು ಕಿರಿದು ಮಾಡಿ, ಕ್ಯಾಮೆರಾ ಅಲುಗದಂತೆ ಕಟ್ಟಿ, ಬೆಳಕನ್ನು ಹೆಚ್ಚು ಹೊತ್ತು ಬಿಡಬೇಕು. ಗೊಂಬೆಗಳಲ್ಲಿ ಒಂದು ದೊಡ್ಡ ಗುಣವಿದೆ: ಅವು ಕದಲುವುದಿಲ್ಲ.

ಆ ಮಂಜನ್ನೇ ಬೇಕೆಂದು ಬಳಸಿಕೊಂಡವನೊಬ್ಬನಿದ್ದಾನೆ. ಅಮೆರಿಕದ ಡೇವಿಡ್ ಲೆವಿಂಥಾಲ್ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಆಟಿಕೆಯ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ, ಹಿಮದ ಬದಲು ಹಿಟ್ಟು ಚೆಲ್ಲಿ, ೧೯೪೧ರಲ್ಲಿ ಜರ್ಮನರು ರಷ್ಯದ ಮೇಲೆ ನುಗ್ಗಿದ ಯುದ್ಧವನ್ನು ಚಿತ್ರಿಸತೊಡಗಿದ. ಗೆಳೆಯ ಗ್ಯಾರಿ ಟ್ರೂಡೋನೊಡನೆ ಕೂಡಿ ೧೯೭೭ರಲ್ಲಿ ಅವನ್ನು ಪುಸ್ತಕವಾಗಿ ಪ್ರಕಟಿಸಿದ. ಆ ಚಿತ್ರಗಳಲ್ಲಿ ಯಾವುದೂ ಸ್ಫುಟವಲ್ಲ. ಓಡುವವನು ಯಾರೋ, ಬೀಳುವವನು ಯಾರೋ. ನೋಡುವವನು ಒಂದು ನಿಮಿಷ ನಿಜವೆಂದೇ ನಂಬುತ್ತಾನೆ. ಆಮೇಲೆ ಗೊಂಬೆಯ ಕಾಲಡಿಯ ತಟ್ಟೆ ಕಣ್ಣಿಗೆ ಬಿದ್ದಾಗ, ತಾನು ಹಿಂದೆ ನಂಬಿದ್ದ ಯುದ್ಧದ ಚಿತ್ರಗಳನ್ನೆಲ್ಲ ಮತ್ತೊಮ್ಮೆ ತೆಗೆದು ನೋಡಬೇಕೆನಿಸುತ್ತದೆ. ಸೈಬೋರ್ನ್ ಇದನ್ನು ಕಂಡಿದ್ದರೆ ಒಪ್ಪುತ್ತಿರಲಿಲ್ಲ. ಹೊಲದ ಪೈರು ಯಾವುದೆಂದು ಕೇಳಿದವನಿಗೆ ಹಿಟ್ಟಿನ ಹಿಮ ಸಹಿಸುವುದೆಂತು? ಆದರೆ ಅವನಿಗೆ ಪತ್ರ ಬರೆದ ಅಧಿಕಾರಿಗಳಲ್ಲಿ ಹಲವರು, ತಮ್ಮ ಕಣ್ಣಿಗೆ ಅಂದು ಕಂಡದ್ದು ಹೀಗೆಯೇ ಎನ್ನುತ್ತಿದ್ದರೇನೋ.

ಸೈಬೋರ್ನ್ ತಾನು ಕೂಡಿಹಾಕಿದ್ದ ಸಾಮಗ್ರಿಯಿಂದ ೧೮೪೪ರಲ್ಲಿ ಆ ಯುದ್ಧದ ಇತಿಹಾಸವನ್ನು ಬರೆದು ಪ್ರಕಟಿಸಿದ. ಅಷ್ಟು ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ, ಸೈನಿಕರ ಮಕ್ಕಳನ್ನು ಓದಿಸುವ ಶಾಲೆಯಲ್ಲಿ ಅವನಿಗೊಂದು ಕೆಲಸ ದೊರೆತಿತ್ತು. ಅಲ್ಲಿರುವಾಗಲೇ ೧೮೪೯ರಲ್ಲಿ ತೀರಿಕೊಂಡ. ವಯಸ್ಸು ಐವತ್ತೊಂದು. ಮಗ ಹರ್ಬರ್ಟ್ ತಂದೆಯ ಕಾಗದಗಳನ್ನು ಜೋಪಾನ ಮಾಡಿ, ಅವುಗಳಲ್ಲಿ ಹಲವನ್ನು ಆಯ್ದು ೧೮೯೧ರಲ್ಲಿ ಅಚ್ಚು ಹಾಕಿಸಿದ; ವಾಟರ್‌ಲೂವಿನ ವಿಷಯ ಬರೆಯುವವರಾರೂ ಇಂದಿಗೂ ಆ ಪತ್ರಗಳನ್ನು ಮುಟ್ಟದೆ ಬರೆಯುವಂತಿಲ್ಲ. ಮಾದರಿಯೂ ಚೆಲ್ಸಿಗೇ ಬಂದು ಸೇರಿದೆ, ಅಲ್ಲಿಯ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿಗೆ. ಹುಡುಗರು ಬಾಗಿ, ಕ್ಯಾಮೆರಾವನ್ನು ಆದಷ್ಟು ತಗ್ಗಿಸಿ, ಲಾ ಏ ಸೇಂತಿನ ಅಂಗಳದ ಚಿತ್ರ ತೆಗೆದುಕೊಳ್ಳಬಹುದು.