ಮೂವತ್ತು ಸೆಕೆಂಡಿಗೆ 360 ಫೋಟೊ

ಪತ್ರಿಕೋದ್ಯಮದಲ್ಲಿ ಪದವಿ ಮುಗಿಸಿ ಈಗ ಎಂ.ಎ. ಮೊದಲ ವರ್ಷದಲ್ಲಿರುವ ನಾವು ಐದು ಜನ ಒಂದು ಪುಟ್ಟ ಸಿನಿಮಾ ಮಾಡಬೇಕಿದೆ. ವಿಷಯ ವಿನ್ಯಾಸದ ತತ್ವಗಳು. ಸಮತೋಲನ, ವ್ಯತ್ಯಾಸ, ಒತ್ತು, ಲಯ, ಅಳತೆ, ಏಕತೆ. ಪೇಪರಿನ ಪುಟ ಕಟ್ಟುವವರಿಗೆ ಇವು ಗೊತ್ತಿರಲೇಬೇಕು. ಮಾಡಬೇಕಾದ ರೀತಿ ಮಾತ್ರ ನಮಗೆ ಹೊಸದು: ಸ್ಟಾಪ್ ಮೋಷನ್.

ಏನಿದು? ಒಂದು ವಸ್ತು ಇಟ್ಟು ಫೋಟೊ ತೆಗೆಯಿರಿ. ಸ್ವಲ್ಪವೇ ಸರಿಸಿ ಇನ್ನೊಂದು ತೆಗೆಯಿರಿ. ಎಲ್ಲವನ್ನೂ ಒಂದರ ಹಿಂದೊಂದು ಓಡಿಸಿದರೆ ವಸ್ತು ತಾನೇ ನಡೆದಂತೆ ಕಾಣುತ್ತದೆ. ದಾದಾಸಾಹೇಬ್ ಫಾಲ್ಕೆ 1913ರ 'ರಾಜಾ ಹರಿಶ್ಚಂದ್ರ'ಕ್ಕೂ ಮೊದಲು ಬಟಾಣಿ ಗಿಡ ಬೆಳೆಯುವುದನ್ನು ಬಿಟ್ಟು ಬಿಟ್ಟು ಸೆರೆಹಿಡಿದು ಇಂಥದ್ದೇ ಒಂದು ಚಿತ್ರ ಮಾಡಿದ್ದರು.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ನಮಗೆ 12 ಸಾಕು. ಮೂವತ್ತು ಸೆಕೆಂಡಿಗೆ 360 ಫೋಟೊ. ಆರು ತತ್ವ, ಒಂದೊಂದಕ್ಕೆ ಐದು ಸೆಕೆಂಡು, 60 ಫೋಟೊ.

ಲೆಕ್ಕ ಬೇಗ ಮುಗಿಯಿತು. ಜಗಳ ಹತ್ತಿದ್ದು ಏನು ತೋರಿಸಬೇಕು ಅನ್ನುವುದಕ್ಕೆ. ಬಣ್ಣದ ಕಾಗದದ ಚೌಕ, ವೃತ್ತ ಕತ್ತರಿಸೋಣ ಎಂದರು ಇಬ್ಬರು. ನಮ್ಮಲ್ಲೊಬ್ಬಳು ಕೇಳಿದಳು: "ಇದನ್ನ ನಮ್ಮವ್ವಗ ತೋರ್ಸಿದ್ರ ತಿಳೀತದೇನು?"

ಅವಳು ಸುಮ್ಮನೆ ಕೇಳಿದ್ದಲ್ಲ. ಡಿಗ್ರಿ ಆಯ್ತಲ್ಲ, ಇನ್ನು ಸಾಕು ಎಂಬ ಮಾತು ಅವಳ ಮನೆಯಲ್ಲಿ ನಡೆದಿದೆ. ಮಗಳು ಏನು ಓದುತ್ತಿದ್ದಾಳೆ ಎಂದು ಹೇಳಲು ಅವ್ವನ ಹತ್ತಿರ ಮಾತಿಲ್ಲ.

ಹಾಗಾಗಿ ಕಾಗದ ಬಿಟ್ಟು ಕಾಳು ಹಿಡಿದೆವು. ಕರಿ ಕಂಬಳಿಯ ಮೇಲೆ ಬಿಳಿ ಜೋಳ, ಅದು ವ್ಯತ್ಯಾಸ. ಎಡಕ್ಕೊಂದು ಹಿಡಿ, ಬಲಕ್ಕೊಂದು ಹಿಡಿ, ಸಮತೋಲನ. ಕೂರಿಗೆ ಬಿತ್ತಿದ ಹಾಗೆ ಸಾಲು ಸಾಲು ಮೂಡಿದರೆ ಲಯ. ದೊಡ್ಡ ಕಡಲೆಯ ಪಕ್ಕ ಎಳ್ಳು, ಅಳತೆ. ಜೋಳದ ನಡುವೆ ಒಂದೇ ಕೆಂಪು ಮೆಣಸಿನಕಾಯಿ, ಒತ್ತು. ಕೊನೆಗೆ ಎಲ್ಲ ಕಾಳು ಸೇರಿ ಒಂದು ಕೌದಿ, ಏಕತೆ. ಕಂಬಳಿ ಒರಟು, ಕಾಳು ಉರುಳುವುದಿಲ್ಲ. ಪರದೆಯ ಮೇಲೆ ಒಂದಕ್ಷರವೂ ಇರುವುದಿಲ್ಲ.

ಉಳಿದ ತಯಾರಿ ಹೀಗಿದೆ. ಫೋನನ್ನು ಸ್ಟೂಲಿಗೆ ಬಿಗಿಯಾಗಿ ಕಟ್ಟುವುದು. ಬಿಸಿಲು ಸರಿದಂತೆ ಚಿತ್ರದ ಬೆಳಕು ಮಿಣುಕುತ್ತದೆ, ಅದಕ್ಕೆ ಕಿಟಕಿ ಮುಚ್ಚಿ ಒಂದೇ ಬಲ್ಬ್ ಹಾಕುವುದು. ಇಬ್ಬರು ಕಾಳು ಸರಿಸುವವರು, ಒಬ್ಬರು ಫೋಟೊಕ್ಕೆ, ಒಬ್ಬರು ಎಣಿಕೆಗೆ, ಒಬ್ಬರು ನೋಟುಬುಕ್ಕಿನಲ್ಲಿ ಬರೆದ ಚಿತ್ರದ ಪ್ರಕಾರ ನಡೆದಿದೆಯೇ ಎಂದು ನೋಡುವುದಕ್ಕೆ.

ಆ ನೋಟುಬುಕ್ಕನ್ನು ಗೆಳತಿ ಮನೆಗೆ ಒಯ್ದಿದ್ದಳು. ಅವ್ವ ಹಾಳೆ ತಿರುವಿ ಹೇಳಿದರಂತೆ: "ಮೆಣಸಿನಕಾಯಿ ನಟ್ಟನಡುವ ಇಡಬ್ಯಾಡವ್ವ, ಒಂದು ಮಗ್ಗಲಕ ಇಡು. ಕಣ್ಣು ತಾನ ಅಲ್ಲಿಗೆ ಹೋಗ್ತದ." ಇಟ್ಟು ನೋಡಿದೆವು. ಹೌದು, ಹಾಗೇ ಚೆಂದ. ಚಿತ್ರ ಬದಲಿಸಿದೆವು.

ಮುಂದಿನ ವರ್ಷದ ಮಾತು ಅವಳ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆದರೆ ಭಾನುವಾರದ ಶೂಟಿಂಗಿಗೆ ಎರಡು ಸೇರು ಜೋಳ ಆ ಮನೆಯಿಂದಲೇ ಬರುತ್ತದೆ. ಕರಾರು ಒಂದೇ: ಸೋಮವಾರ ಅದು ಗಿರಣಿಗೆ ಹೋಗಬೇಕು, ಒಂದು ಕಾಳೂ ಕಡಿಮೆಯಾಗಬಾರದು.