ಹಾನ್‌ನಲ್ಲಿ ಇಳಿದು ಶೆಂಗೆನ್‌ಗೆ

ಅಗ್ಗದ ವಿಮಾನದವರು ಹೇಳುವ ಊರಿನ ಹೆಸರನ್ನು ನಂಬಬಾರದು. ಪ್ಯಾರಿಸ್ಸಿಗೆಂದು ಹೊರಟವರನ್ನು ಬೋವೆಯಲ್ಲಿ ಇಳಿಸುತ್ತಾರೆ. ಐಫೆಲ್ ಗೋಪುರ ಅಲ್ಲಿಂದ ಎಂಬತ್ತು ಚಿಲ್ಲರೆ ಕಿಲೋಮೀಟರ್. ಸ್ಟಾಕ್‌ಹೋಮ್ ಎಂದರೆ ಸ್ಕಾವ್‌ಸ್ತಾ, ಅದು ನೂರರ ಆಸುಪಾಸು. ಈ ಮನೆತನದ ಹಿರಿಯಣ್ಣ ಜರ್ಮನಿಯ ಫ್ರಾಂಕ್‌ಫರ್ಟ್-ಹಾನ್. ಫ್ರಾಂಕ್‌ಫರ್ಟ್ ಊರಿಗೂ ಅದಕ್ಕೂ ನಡುವೆ ಸುಮಾರು 120 ಕಿ.ಮೀ. ಶ್ರೀರಂಗಪಟ್ಟಣದಲ್ಲಿ ಬಾಗಿಲು ತೆಗೆದು ‘ಬೆಂಗಳೂರು ಬಂತು, ಇಳೀರಿ’ ಅಂದಂತೆ.

ಹಾನ್ ಇರುವುದು ಹುನ್ಸ್‌ರುಕ್ ಎಂಬ ಗುಡ್ಡಗಾಡಿನ ನೆತ್ತಿಯಲ್ಲಿ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳ ನೆಲೆಯಾಗಿತ್ತು. 1993ರ ಹೊತ್ತಿಗೆ ಅವರು ಗಂಟುಮೂಟೆ ಕಟ್ಟಿದರು. 1999ರಿಂದ ಅದೇ ರನ್‌ವೇ ಮೇಲೆ ನಮ್ಮಂಥವರನ್ನು ಹೊತ್ತ ವಿಮಾನಗಳು. ಇಷ್ಟಾಗಿ ಅಲ್ಲಿಗೆ ರೈಲಿಲ್ಲ. ಬಸ್ಸು ಹತ್ತಿ ಕಣಿವೆಗಿಳಿದು, ಬುಲ್ಲಾಯ್ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ರೈಲು ಹಿಡಿಯಬೇಕು.

ಪೋರ್ಟೊದಲ್ಲಿರುವ ಮಗಳು ನಮಗೆ ಟಿಕೆಟ್ ಮಾಡಿಸಿದ್ದು ಈ ಹಾನ್‌ಗೆ. ದುಡ್ಡು ಎಷ್ಟು ಕಡಿಮೆ ಎಂದರೆ, ‘ಕೂರೋಕೆ ಸೀಟು ಕೊಡ್ತಾರೇನೇ?’ ಎಂದು ನನ್ನ ಹೆಂಡತಿ ಕೇಳಿದಳು. ನಕಾಶೆ ಹರಡಿಕೊಂಡು ಕೂತ ಮೇಲೆ ಗೊತ್ತಾಯಿತು: ಹಾನ್‌ನಿಂದ ಫ್ರಾಂಕ್‌ಫರ್ಟ್‌ಗಿಂತ ಟ್ರಿಯರ್ ಹತ್ತಿರ, ಕೊಬ್ಲೆನ್ಸ್ ಹತ್ತಿರ, ಪರದೇಶವಾದ ಲಕ್ಸೆಂಬರ್ಗ್ ಕೂಡ ಹತ್ತಿರ. ಸರಿ, ಫ್ರಾಂಕ್‌ಫರ್ಟ್ ಬಿಟ್ಟುಹೋಯಿತು. ಟಿಕೆಟ್ಟಿನ ಮೇಲೆ ಹೆಸರಿದ್ದ ಊರೇ ನಾವು ನೋಡದ ಊರು.

ಮಿಕ್ಕವುಗಳಿಗೆ ಜಗಳ. ಮಗಳಿಗೆ ಲಕ್ಸೆಂಬರ್ಗ್ ಬೇಕು. 2020ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಎಲ್ಲ ಪುಕ್ಕಟೆ. ‘ಶಕ್ತಿ ಯೋಜನೆ! ಗಂಡಸರಿಗೂ ಇದೆ ನೋಡಿ,’ ಎಂದು ಹೆಂಡತಿ ನನ್ನತ್ತ ಕನಿಕರದಿಂದ ನೋಡಿದಳು. ಅವಳಿಗೆ ಕೊಲೋನ್‌ನ ದೊಡ್ಡ ಚರ್ಚು ಬೇಕು. ಯಾವುದೋ ಕ್ಯಾಲೆಂಡರಿನಲ್ಲಿ ನೋಡಿದ್ದಳಂತೆ. ಟ್ರಿಯರ್‌ನ ರೋಮನ್ ಕಾಲದ ಕರಿ ಹೆಬ್ಬಾಗಿಲು ಪೋರ್ಟಾ ನಿಗ್ರಾಕ್ಕೆ ಯಾರ ವಿರೋಧವೂ ಇರಲಿಲ್ಲ. ದಾರಿಯಲ್ಲೇ ಇರುವುದಕ್ಕೆ ಯಾರೂ ಜಗಳವಾಡುವುದಿಲ್ಲ.

ನನಗೆ ಬೇಕಾದದ್ದು ಶೆಂಗೆನ್. ವೀಸಾ ಅಲ್ಲ, ಊರು. ಲಕ್ಸೆಂಬರ್ಗಿನ ಅಂಚಿನಲ್ಲಿ, ಮೋಸೆಲ್ ನದಿಯ ದಂಡೆಯ ಮೇಲೆ, ದ್ರಾಕ್ಷಿ ತೋಟಗಳ ನಡುವೆ ಒಂದು ಹಳ್ಳಿ. ನದಿಯ ಆಚೆ ಜರ್ಮನಿ, ಪಕ್ಕದಲ್ಲೇ ಫ್ರಾನ್ಸ್. 1985ರ ಜೂನ್ 14ರಂದು ಐದು ದೇಶಗಳವರು ಅಲ್ಲಿ ದೋಣಿಯೊಂದರಲ್ಲಿ ಕೂತು, ಇನ್ನು ನಮ್ಮ ನಡುವೆ ಗಡಿ ತಪಾಸಣೆ ಬೇಡ ಎಂದು ರುಜು ಹಾಕಿದರು. ಅವರು ತೆಗೆದ ಬಾಗಿಲೊಳಗೆ ಹೋಗಲು ನಾನು ಬೆಂಗಳೂರಿನಲ್ಲಿ ಪಾಸ್‌ಬುಕ್ಕಿನ ಪುಟಗಳು, ಮೂವತ್ತು ಸಾವಿರ ಯೂರೋ ವಿಮೆ, ಕಿವಿ ಕಾಣುವಂಥ ಫೋಟೊ, ಹತ್ತು ಬೆರಳಿನ ಗುರುತು ಎಲ್ಲವನ್ನೂ ಕೊಟ್ಟು ಬಂದಿದ್ದೆ. ಇಷ್ಟು ಕೊಟ್ಟ ಮೇಲೆ ಆ ಊರಿನ ಮುಖವನ್ನಾದರೂ ನೋಡಬೇಡವೇ? ಟ್ರಿಯರ್‌ನಿಂದ ರೈಲಿನಲ್ಲಿ ಪೆರ್ಲ್ ಎಂಬಲ್ಲಿಗೆ ಒಂದು ಗಂಟೆಯೂ ಹಿಡಿಯದು. ಅಲ್ಲಿಂದ ಸೇತುವೆ ದಾಟಿದರೆ ಶೆಂಗೆನ್. ನಡೆದೇ ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ.

ನಾನು ಕೆಲಸದಲ್ಲಿದ್ದಾಗ ಎಲ್‌ಟಿಸಿ ಪ್ರವಾಸಗಳಿಗೆ ನಾನೇ ಯೋಜನಾ ಆಯೋಗ. ರೈಲ್ವೆ ಟೈಮ್‌ಟೇಬಲ್ಲು, ಕೆಂಪು ಪೆನ್ಸಿಲ್ಲು, ಮಥುರೆಗೆ ಅರ್ಧ ದಿನ, ಆಗ್ರಾಕ್ಕೆ ಅರ್ಧ ದಿನ. ಹರಿದ್ವಾರದಲ್ಲಿ ಗಂಗಾರತಿ ಮುಗಿಯುವ ಮೊದಲೇ ಎಬ್ಬಿಸಿಕೊಂಡು ಬಂದರೆಂಬ ದೂರು ಮನೆಯಲ್ಲಿ ಇನ್ನೂ ವಿಚಾರಣೆಯಲ್ಲಿದೆ. ರೈಲು ಆರತಿಗೆ ಕಾಯುತ್ತದೆಯೇ? ಆಗ ಪ್ಲಾಟ್‌ಫಾರ್ಮಿನಲ್ಲಿ ಹೋಲ್ಡಾಲ್ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ ಹುಡುಗಿ ಈಗ ಲ್ಯಾಪ್‌ಟಾಪ್ ಮುಂದೆ ಕೂತು, ‘ಅಪ್ಪಾ, ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರತ್ತೆ. ವಾಪಸ್ ವಿಮಾನ ಬೆಳಿಗ್ಗೆ ಆರೂವರೆಗೆ. ಹಿಂದಿನ ರಾತ್ರಿಯೇ ಹಾನ್‌ಗೆ ಬಂದು ಮಲಗಬೇಕು,’ ಎನ್ನುತ್ತಾಳೆ. ದನಿ ನನ್ನದೇ. ‘ಅಮ್ಮನಿಗೆ ಮಂಡಿ ನೋವು, ಮೆಟ್ಟಿಲಿರೋದು ಬೇಡ,’ ಎನ್ನುವುದಷ್ಟೇ ಹೊಸದು. ನನ್ನ ಆಯೋಗ ಮಂಡಿಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಗ ಅವು ನೋಯುತ್ತಲೂ ಇರಲಿಲ್ಲ.

ಕೊನೆಗೆ ಕತ್ತರಿ ಬಿದ್ದದ್ದು ಕೊಲೋನ್‌ಗೆ. ಅದು ಉತ್ತರಕ್ಕೆ, ನಾವು ಹೊರಟದ್ದು ಪಶ್ಚಿಮಕ್ಕೆ.

‘ಮುಂದಿನ ಸಲ ನೋಡೋಣಮ್ಮ,’ ಎಂದಳು ಮಗಳು.

ಮುಂದಿನ ಸಲ ಎಂಬುದಕ್ಕೆ ಮತ್ತೆ ವೀಸಾ ಬೇಕು, ಮತ್ತೆ ಬೆನ್ನು, ಮತ್ತೆ ಮಂಡಿ. ನಾನು ಸಮಾಧಾನ ಹೇಳಲು ಹೋದೆ: ‘1248ರಲ್ಲಿ ಕಟ್ಟೋಕೆ ಶುರುಮಾಡಿ 1880ರಲ್ಲಿ ಮುಗಿಸಿದ ಚರ್ಚು ಕಣೇ ಅದು. ಎಲ್ಲಿಗೂ ಓಡಿಹೋಗಲ್ಲ.’

‘ಅದು ಇರತ್ತೆ ಬಿಡಿ,’ ಎಂದಳು ಹೆಂಡತಿ. ಆಮೇಲೆ ಪರದೆಯತ್ತ ಬಗ್ಗಿ, ‘ಇವರ ಆ ಶೆಂಗೆನ್‌ನಲ್ಲಿ ನೋಡೋಕೆ ಏನಿದೆ?’

‘ಒಂದು ಮ್ಯೂಸಿಯಂ ಇದೆ. ನದಿ ಇದೆ. ಸೇತುವೆ ಇದೆ,’ ಎಂದೆ.

‘ಅದಕ್ಕೆ ಅರ್ಧ ದಿನವಾ?’

ಮಗಳು ತಲೆ ಎತ್ತದೆ ಕೀಲಿ ಒತ್ತಿದಳು. ‘ಎರಡು ಗಂಟೆ ಕೊಡ್ತೀನಿ ಅಪ್ಪಾ.’

‘ಮೂರು ಕೊಡೇ, ಪಾಪ,’ ಎಂದಳು ಅವಳಮ್ಮ. ‘ಹರಿದ್ವಾರದಲ್ಲಿ ನಂಗೆ ಸಿಕ್ಕಿದ್ದಕ್ಕಿಂತ ಜಾಸ್ತಿನೇ ಇರಲಿ.’